ನಾಯಿಯ ಚಿತ್ರವೊಂದೇ ಸಾಕ್ಷಿಯಲ್ಲ

ಮುಂಬೈಯ ಚೋರ್ ಬಜಾರಿನಲ್ಲಿ ತಾವು ಕೊಂಡ ಕೀಲಿ ಕೊಡುವ ಗ್ರಾಮಫೋನಿನ ಮೇಲೆ ನಾಯಿಯ ಚಿತ್ರವಿದೆ, ಹಾಗಾಗಿ ಅದು ನಾಯಿಯ ಗುರುತಿನ ಇಂಗ್ಲೆಂಡಿನ ಕಂಪನಿ ಎಚ್‌ಎಂವಿಯದು (ಹಿಸ್ ಮಾಸ್ಟರ್ಸ್ ವಾಯ್ಸ್) ಎಂದು ಲೇಖಕರೊಬ್ಬರು ತಮ್ಮ ಲೇಖನದಲ್ಲಿ ಬರೆದಿದ್ದಾರೆ. ಅವಸರ ಮಾಡಿದರೇನೋ ಎನಿಸುತ್ತದೆ. ಎಂಟು ಮೂಲೆಯ ಪೆಟ್ಟಿಗೆ, ಥಳಥಳಿಸುವ ಹಿತ್ತಾಳೆಯ ಕಹಳೆ, ತಿರುಪು ಹಾಕಿ ಕೂರಿಸಿದ ನಾಯಿಯ ಬಿಲ್ಲೆ: ಈ ಮೂರೂ ಒಟ್ಟಿಗೆ ಕಂಡರೆ ಅದು ನಕಲಿಯೆಂದು ನನಗೆ ಅನುಮಾನ.

ಕಾರಣವಿದೆ. ಇಂಥದ್ದನ್ನೇ ನಾನೂ ಅದೇ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಕೊಂಡು, ಕಹಳೆಗೆ ಹಳೆಯ ಸೀರೆ ಸುತ್ತಿ, ಲೋಕಲ್ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಡೊಂಬಿವಲಿಗೆ ತಂದಿದ್ದೆ. ರಿಪೇರಿಯವರು ತಿರುಗುವ ತಟ್ಟೆಯನ್ನು ಎತ್ತಿ ನೋಡಿ ನಕ್ಕರು. ಮೋಟಾರ್ ಮಾತ್ರ ಹಳೆಯದು, ಯಾವುದೋ ಸೂಟ್‌ಕೇಸ್ ಮಾದರಿಯದು. ಉಳಿದದ್ದೆಲ್ಲ ಹೊಸದು. ಕಹಳೆ ಕೂರುವ ಕೊಳವೆಯನ್ನಂತೂ ನಲ್ಲಿ ಪೈಪಿನಂತೆ ಬೆಸುಗೆ ಹಾಕಿದ್ದರು. ಅಸಲಿ ಯಂತ್ರಗಳಲ್ಲಿ ಅದು ನುಣುಪಾಗಿ, ಕ್ರಮೇಣ ಅಗಲವಾಗುತ್ತ ಬಾಗಿರುತ್ತದೆ.

ಮೋಟಾರಿನ ಮೇಲೆ ಸ್ವಿಸ್ ಮುದ್ರೆ ಇದ್ದರೂ ಹಿಗ್ಗಬೇಡಿ. ಥೋರೆನ್ಸ್, ಪೈಯಾರ್ ಎಂಬ ಸ್ವಿಸ್ ಕಂಪನಿಗಳ ಮೋಟಾರುಗಳನ್ನು ತರಿಸಿ ಬೇರೆ ಬೇರೆ ಕಡೆ ಪೆಟ್ಟಿಗೆಗೆ ಜೋಡಿಸುತ್ತಿದ್ದರು.

ಅಸಲಿ ಹೇಗಿರುತ್ತದೆ ಎನ್ನಲು ನಮ್ಮ ತಂದೆಯವರ ಕಪ್ಪು ಪೆಟ್ಟಿಗೆ ನೋಡಿ: ಸೂಟ್‌ಕೇಸ್ ಮಾದರಿಯ ಎಚ್‌ಎಂವಿ 102. 1931ರಲ್ಲಿ ಬಂದ ಮಾದರಿ, ಕಹಳೆಯೇ ಇಲ್ಲ, ನೋಡಲು ಸಪ್ಪೆ. ಆದರೆ ಸೂಜಿ ಹಿಡಿದು ಸದ್ದು ಹೊರಡಿಸುವ ದುಂಡು ಭಾಗ, ಅಂದರೆ ಸೌಂಡ್ ಬಾಕ್ಸಿನ ಮೇಲೆ, ಅದರ ಮಾದರಿ 5ಎ ಎಂದು ಸ್ಪಷ್ಟವಾಗಿದೆ, ಮುಚ್ಚಳದೊಳಗಿನ ನಾಯಿ ತಿರುಪಿನ ಬಿಲ್ಲೆಯಲ್ಲ, ಅಂಟಿಸಿದ ಅಚ್ಚು.

ಲೇಖಕರು ಸೌಂಡ್ ಬಾಕ್ಸಿನ ಹಿಂಬದಿಯ ಫೋಟೊ ಹಾಕಿದರೆ ಇನ್ನಷ್ಟು ಹೇಳಬಹುದು. ಅಲ್ಲಿಯವರೆಗೆ ಒಂದೇ ಸೂಜಿಯಲ್ಲಿ ಹತ್ತು ಹಾಡು ಕೇಳಬೇಡಿ. ಉಕ್ಕಿನ ಸೂಜಿ ರೆಕಾರ್ಡಿನ ಒಂದು ಬದಿಗೆ ಒಂದೇ.