ಕಡಲೂರಿಗೆ ಬಂದ ನೀಲಿ ಮರಳು

ಕಾರವಾರದಲ್ಲಿ ಮನೆ ಕಟ್ಟುವವರಿಗೆ ಮರಳು ಸಿಗುವುದು ಕಷ್ಟ. ಮೂರು ವರ್ಷದ ಮಕ್ಕಳಿಗೆ ಆ ತೊಂದರೆ ಇಲ್ಲ. ಅವರ ಪಾಲಿನ ಮರಳು ನರ್ಸರಿಯೊಳಗೇ ಬಂದು ಕೂತಿದೆ: ನೀಲಿ ಬಣ್ಣದ್ದು, ಪ್ಲಾಸ್ಟಿಕ್ ಟಬ್ಬಿನಲ್ಲಿ, ವಾರಕ್ಕೆ ಎರಡು ಪಿರಿಯಡ್. ಟೈಮ್‌ಟೇಬಲ್ಲಿನಲ್ಲಿ ಅದನ್ನು ‘ಸೆನ್ಸರಿ ಪ್ಲೇ’ ಎಂದು ಬರೆದಿರುತ್ತಾರೆ. ಕಿಟಕಿ ತೆಗೆದರೆ ಕಡಲು ಕಾಣುತ್ತದೆ, ಆದರೆ ತೆಗೆಯುವ ಹಾಗಿಲ್ಲ, ಎ.ಸಿ. ಓಡುತ್ತಿರುತ್ತದೆ. ಎ.ಸಿ.ಗೆ ಶುಲ್ಕ ಬೇರೆ.

ಚೌತಿ ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಮಾರನೇ ದಿನದಿಂದಲೇ ನಮ್ಮ ಕೇರಿಯ ಗಂಡ-ಹೆಂಡತಿ ಮುಂದಿನ ಜೂನಿನ ಶಾಲೆ ಹುಡುಕಲು ಹೊರಟರು. ಮಗಳಿಗೆ ಆಗಿನ್ನೂ ಮೂರು ತುಂಬಿರಲಿಲ್ಲ. ‘ಈಗ್ಲೇ ಸೀಟು ಹಿಡೀದಿದ್ರೆ ಆಮೇಲೆ ಸಿಗುದಿಲ್ಲ’ ಎಂದರು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆ ನಮಗೆ ಮೊದಲೇ ಗೊತ್ತು. ಮಗುವನ್ನೇ ಟವೆಲ್ ಮಾಡಿ ಎಸೆಯುವುದೊಂದು ಬಾಕಿ ಇತ್ತು. ಕಾರಿನಲ್ಲಿ ಜಾಗ ಖಾಲಿ ಇದ್ದುದರಿಂದ ನಾನೂ ಹೋಗುತ್ತಿದ್ದೆ.

ಹೋದಲ್ಲೆಲ್ಲ ಅವರು ಕೇಳುತ್ತಿದ್ದದ್ದು ಸ್ಮಾರ್ಟ್ ಬೋರ್ಡ್ ಇದೆಯೇ, ಸಿಸಿಟಿವಿ ಮೊಬೈಲಿನಲ್ಲಿ ಕಾಣುತ್ತದೆಯೇ, ಮಕ್ಕಳ ಹತ್ತಿರ ಕನ್ನಡ ಮಾತಾಡುವುದಿಲ್ಲ ತಾನೇ ಎಂದು. ಒಬ್ಬ ಟೀಚರಿಗೆ ಎಷ್ಟು ಮಕ್ಕಳು, ಹೋದ ವರ್ಷ ಇದ್ದ ಟೀಚರ್ ಈ ವರ್ಷವೂ ಇದ್ದಾರೆಯೇ, ಇಲ್ಲದಿದ್ದರೆ ಯಾಕಿಲ್ಲ, ಮಗು ಚಡ್ಡಿ ಒದ್ದೆ ಮಾಡಿಕೊಂಡರೆ ಬದಲಿಸುವವರು ಯಾರು? ಇಂಥ ಚಿಲ್ಲರೆ ಪ್ರಶ್ನೆ ಕೇಳಿ ಯಾರೂ ಮರ್ಯಾದೆ ಕಳೆದುಕೊಳ್ಳಲಿಲ್ಲ.

ಕೊನೆಗೆ ಮನಸ್ಸಿಗೆ ಬಂದ ಶಾಲೆಯ ಬೋರ್ಡಿನಲ್ಲಿ ‘ಇಂಟರ್‌ನ್ಯಾಷನಲ್ ಮಾಂಟೆಸ್ಸರಿ’ ಎಂದಿತ್ತು. ಇಂಟರ್‌ನ್ಯಾಷನಲ್ ಯಾಕೆಂದು ತಿಳಿಯಲಿಲ್ಲ, ಗೋವೆಯ ಗಡಿ ಹತ್ತಿರ ಇರುವುದಕ್ಕೆ ಇರಬೇಕು. ಮಾಂಟೆಸ್ಸರಿ ಎಂಬ ಹೆಸರಿಗಂತೂ ವಾರಸುದಾರರೇ ಇಲ್ಲ, ಯಾರು ಬೇಕಾದರೂ ಬರೆಸಿಕೊಳ್ಳಬಹುದು. ಮಾರಿಯಾ ಮಾಂಟೆಸ್ಸರಿ ಎಂಬ ಆ ಡಾಕ್ಟರಮ್ಮ 1907ರ ಜನವರಿಯಲ್ಲಿ ರೋಮಿನ ಬಡವರ ಕೇರಿಯಲ್ಲಿ ಮೊದಲ ‘ಮಕ್ಕಳ ಮನೆ’ ತೆರೆದದ್ದು, ಅಪ್ಪ-ಅಮ್ಮ ಕೂಲಿಗೆ ಹೋದ ಮೇಲೆ ಹಿಂದೆ ಉಳಿಯುತ್ತಿದ್ದ ಮಕ್ಕಳಿಗಾಗಿ. 1939ರಲ್ಲಿ ಭಾರತಕ್ಕೆ ಬಂದು, ಯುದ್ಧದ ದೆಸೆಯಿಂದ 1946ರವರೆಗೆ ಇಲ್ಲೇ ಉಳಿದು ನಮ್ಮ ಶಿಕ್ಷಕರಿಗೆ ತರಬೇತಿಯನ್ನೂ ಕೊಟ್ಟರು. ಅವರ ಪದ್ಧತಿಯಲ್ಲಿ ಕಪಾಟು ಮಗುವಿನ ಎತ್ತರಕ್ಕೆ ಇರಬೇಕು, ಬೇಕಾದ ಸಾಮಾನನ್ನು ಮಗು ತಾನೇ ತೆಗೆದುಕೊಳ್ಳಬೇಕು, ಆಡಿದ ಮೇಲೆ ತಾನೇ ಇಡಬೇಕು. ಈ ಶಾಲೆಯಲ್ಲೂ ಅವರ ಪ್ರಸಿದ್ಧ ಗುಲಾಬಿ ಗೋಪುರ ಇತ್ತು. ಹತ್ತು ಸೆಂಟಿಮೀಟರಿನಿಂದ ಹಿಡಿದು ಒಂದು ಸೆಂಟಿಮೀಟರಿನವರೆಗೆ ಹತ್ತೂ ಮರದ ತುಂಡುಗಳು ಇದ್ದವು, ಒಂದೂ ಕಳೆದಿರಲಿಲ್ಲ. ಕಳೆಯುವುದಾದರೂ ಹೇಗೆ? ಪ್ರಿನ್ಸಿಪಾಲರ ಕೋಣೆಯ ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ‘ಮಕ್ಕಳ ಕೈಗೆ ಕೊಟ್ರೆ ಹಾಳಾಗ್ತದೆ, ಸರ್’ ಎಂದರು.

ಕಪಾಟಿನ ಮೇಲೆ ರವೀಂದ್ರನಾಥ ಟ್ಯಾಗೋರರ ಫೋಟೊ. ಹರೆಯದಲ್ಲಿ ಅಣ್ಣನ ಮನೆಗೆಂದು ಕಾರವಾರಕ್ಕೆ ಬಂದು ಈ ಕಡಲಿಗೆ ಮರುಳಾದವರು, 1901ರಲ್ಲಿ ಶಾಂತಿನಿಕೇತನದಲ್ಲಿ ಮರದಡಿ ಶಾಲೆ ತೆರೆದವರು. ಚಿಕ್ಕವರಿದ್ದಾಗ ಯಾವ ಶಾಲೆಯಲ್ಲೂ ನಿಲ್ಲದವರು, ಹಾಗಾಗಿ ಇಲ್ಲಿ ಅವರಿಗೆ ಸೀಟು ಸಿಗುವುದು ಅನುಮಾನ. ಫೋಟೊಕ್ಕೆ ಮಾತ್ರ ಸಿಕ್ಕಿದೆ, ಎ.ಸಿ. ಸ್ವಿಚ್ಚಿನ ಪಕ್ಕ.

ಸಂದರ್ಶನದ ದಿನ ಮಗುವಿನ ಜತೆ ಅಜ್ಜಿಯೂ ಬಂದಿದ್ದರು. ದಿನಾ ಬೆಳಿಗ್ಗೆ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಮೀನು ಪೇಟೆಗೆ ಹೋಗಿ ಬರುವ ಅಜ್ಜಿ. ಟೀಚರ್ ಒಂದು ಕಾರ್ಡ್ ತೆಗೆದು ಹಿಡಿದರು. ಕಿತ್ತಳೆ ಬಣ್ಣದ, ಕಣ್ಣಿಗೆ ರೆಪ್ಪೆ ಇರುವ, ನಗುವ ಮೀನು.

‘ವಾಟ್ ಈಸ್ ದಿಸ್, ಬೇಬಿ?’

ಮಗು ಕಾರ್ಡನ್ನು ಕೈಗೆ ತೆಗೆದುಕೊಂಡಿತು. ತಿರುಗಿಸಿ ಹಿಂಬದಿ ನೋಡಿತು. ಕಿವಿರು ಇರಬೇಕಾದಲ್ಲಿ ಬೆರಳು ಆಡಿಸಿತು.

‘ಬಾಂಗಡೆ ಅಲ್ಲ.’

‘ಓಕೆ, ಬಟ್ ವಾಟ್ ಈಸ್ ಇಟ್?’

‘ತಾರ್ಲೆನೂ ಅಲ್ಲ.’ ಮತ್ತೆ ಸ್ವಲ್ಪ ಹೊತ್ತು ಮೂಗಿನ ಹತ್ತಿರ ಹಿಡಿದು ನೋಡಿ, ‘ಅಜ್ಜೀ, ಬೇಡ. ತಾಜಾ ಇಲ್ಲ’ ಎಂದಿತು.

‘ಹೌದಾ ಮಗಾ, ಬಣ್ಣ ಹಾಕಿದಾರೆ’ ಎಂದು ಅಜ್ಜಿ ಮೊಮ್ಮಗಳ ಪರ ನಿಂತರು. ಟೀಚರ್ ಹಾಳೆಯಲ್ಲಿ ‘ವೊಕ್ಯಾಬುಲರಿ ವೀಕ್’ ಎಂದು ಬರೆದುಕೊಂಡರು. ಆಮೇಲೆ ಅಪ್ಪನ ಸರದಿ. ಎಷ್ಟು ಓದಿದ್ದೀರಿ, ಮನೆಯಲ್ಲಿ ಹೋಮ್‌ವರ್ಕ್ ಮಾಡಿಸುವವರು ಯಾರು, ಮಗುವಿನ ಬಗ್ಗೆ ನಿಮ್ಮ ವಿಷನ್ ಏನು. ವಿಷನ್ ಅಂದಕೂಡಲೇ ಅವರು ಕನ್ನಡಕ ತೆಗೆದು ಒರೆಸತೊಡಗಿದರು.

2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಶಾಲೆಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲೀ ಅಪ್ಪ-ಅಮ್ಮನನ್ನಾಗಲೀ ಜರಡಿ ಹಿಡಿಯುವಂತಿಲ್ಲ. ಹಿಡಿದರೆ ಮೊದಲ ಸಲ 25,000 ರೂಪಾಯಿವರೆಗೆ ದಂಡ, ಆಮೇಲೆ ಪ್ರತಿ ಸಲ 50,000. ಆದರೆ ಆ ಕಾಯ್ದೆ ಕಾಯುವುದು ಆರರಿಂದ ಹದಿನಾಲ್ಕರವರೆಗಿನ ಮಕ್ಕಳನ್ನು. ಮೂರು ವರ್ಷದ್ದು ಕಾಯ್ದೆಯ ಕಣ್ಣಿಗೆ ಬೀಳುವಷ್ಟು ಎತ್ತರ ಬೆಳೆದಿರುವುದಿಲ್ಲ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ ಪೂರ್ವ ಪ್ರಾಥಮಿಕಕ್ಕೆ ಬ್ಯಾಗೇ ಬೇಡ ಎನ್ನುತ್ತದೆ, ಎರಡನೇ ತರಗತಿವರೆಗೆ ಹೋಮ್‌ವರ್ಕ್ ಬೇಡ ಎನ್ನುತ್ತದೆ. ಪ್ರಿನ್ಸಿಪಾಲರಿಗೆ ಅದು ಗೊತ್ತಿತ್ತು. ‘ನಮ್ಮಲ್ಲಿ ಬ್ಯಾಗ್ ಇಲ್ಲ ಸರ್, ಕಿಟ್ ಮಾತ್ರ’ ಎಂದು ಪಕ್ಕದ ಕೋಣೆ ತೋರಿಸಿದರು. ಎತ್ತಲು ಇಬ್ಬರು ಬೇಕಾಯಿತು.

ಘಟ್ಟದ ಮೇಲೂ ಇದೇ ಸಂತೆ. ಶಿರಸಿಯಲ್ಲಿರುವ ನನ್ನ ಸ್ನೇಹಿತರ ಮೊಮ್ಮಗನ ಶಾಲೆಯಲ್ಲಿ ‘ಫಾರೆಸ್ಟ್ ವೀಕ್’ ನಡೆಯಿತಂತೆ, ಹಸಿರು ಪ್ಲಾಸ್ಟಿಕ್ ಹುಲ್ಲುಹಾಸಿನ ಮೇಲೆ. ಮನೆ ಹಿಂದೆ ಅಡಿಕೆ ತೋಟ, ಅದರಾಚೆ ಸೊಪ್ಪಿನ ಬೆಟ್ಟ ಇರುವ ಹುಡುಗ. ಎಲೆ ತನ್ನಿ ಎಂದಿದ್ದಕ್ಕೆ ಬೆಟ್ಟದಿಂದಲೇ ಒಂದು ಹಿಡಿ ತಂದುಕೊಟ್ಟ. ಹುಳ ಇದೆ ಎಂದು ವಾಪಸ್ ಕಳಿಸಿ, ಲ್ಯಾಮಿನೇಟ್ ಮಾಡಿದ ಎಲೆಗಳ ಪ್ಯಾಕೆಟ್ಟಿನ ಬಿಲ್ ಜತೆಗಿಟ್ಟರು.

ನಮ್ಮ ಕೇರಿಯ ಕೊನೆಯಲ್ಲೊಂದು ಅಂಗನವಾಡಿ ಇದೆ. ಅಂಗಳದಲ್ಲಿ ಮರಳಿದೆ, ಬಣ್ಣ ಇಲ್ಲ. ಮಕ್ಕಳು ಹಾಡುತ್ತವೆ, ಬೀಳುತ್ತವೆ, ಏಳುತ್ತವೆ, ಊಟ ಮಾಡಿ ಮಲಗುತ್ತವೆ. ಅಲ್ಲಿಗ್ಯಾಕೆ ಹಾಕುವುದಿಲ್ಲ ಎಂದು ಅಜ್ಜಿ ಕೇಳಿಯೇಬಿಟ್ಟರು: ‘ಮರಳಲ್ಲಿ ಆಡುಕೆ ದುಡ್ಡು ಕೊಡುದಾ?’ ಮಗ ಉತ್ತರಿಸಲಿಲ್ಲ. ಸರ್ಕಾರವೂ ಅಂಗನವಾಡಿಯನ್ನು ಬೆಳೆಸುವ ಆತುರದಲ್ಲೇನೂ ಇಲ್ಲ. ಅಲ್ಲಿನ ಕಾರ್ಯಕರ್ತೆ ಮಕ್ಕಳ ತೂಕ-ಎತ್ತರವನ್ನು ಮೊಬೈಲಿಗೆ ತುಂಬಬೇಕು, ಸಮೀಕ್ಷೆಗೆ ಹೋಗಬೇಕು, ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿಗೆ ಹೋಗಿ ಬಿಸಿಲಲ್ಲಿ ಕೂರಬೇಕು. ಉಳಿದ ಹೊತ್ತಿನಲ್ಲಿ ಮಕ್ಕಳ ಜತೆ ಇರಬಹುದು.

ಮಗುವಿಗೆ ಸೀಟು ಸಿಕ್ಕಿತೆನ್ನಿ. ವೊಕ್ಯಾಬುಲರಿ ವೀಕ್ ಇದ್ದರೂ ಚೆಕ್ ಗಟ್ಟಿ ಇತ್ತು. ಜೂನ್ ಕಳೆದು ಜುಲೈ ಬಂತು, ‘ರೇನಿ ಡೇ’ ಆಚರಣೆಗೆ ಹಳದಿ ರೇನ್‌ಕೋಟು ಕಡ್ಡಾಯ ಎಂದರು. ಶಾಲೆಯ ಕೌಂಟರಿನಲ್ಲೇ ಕೊಂಡದ್ದಾಯಿತು. ಸಭಾಂಗಣದ ಚಾವಣಿಗೆ ಹತ್ತಿಯ ಮೋಡ ಕಟ್ಟಿ, ಶವರಿನಿಂದ ಹನಿ ಉದುರಿಸುವ ಏರ್ಪಾಡೂ ಆಗಿತ್ತಂತೆ. ಹಿಂದಿನ ರಾತ್ರಿ ವಾಟ್ಸಾಪಿಗೆ ಬಂದ ಸಂದೇಶವನ್ನು ಆ ತಾಯಿ ನನಗೂ ಕಳಿಸಿದ್ದಾರೆ:

‘ಪ್ರಿಯ ಪೋಷಕರೇ, ಭಾರೀ ಮಳೆಯ ಕಾರಣ ಜಿಲ್ಲಾಧಿಕಾರಿಗಳು ನಾಳೆ ರಜೆ ಘೋಷಿಸಿರುವುದರಿಂದ ರೇನಿ ಡೇ ಆಚರಣೆಯನ್ನು ಮುಂದೂಡಲಾಗಿದೆ. ಮಳೆ ನಿಂತ ಮೇಲೆ ಹೊಸ ದಿನಾಂಕ ತಿಳಿಸಲಾಗುವುದು. ರೇನ್‌ಕೋಟಿನ ಹಣ ವಾಪಸಿಲ್ಲ.’