ಫೋನ್ ಚೀಲದಾಗ, ಟ್ವೀಟ್ ಹಾಳ್ಯಾಗ

ಜುಲೈ ಒಂದನೇ ತಾರೀಖು ಮುಂಜಾನಿ ಎಂಟಕ್ಕ ಫೋನ್ ಬಂತು. ಕಲಬುರಗಿದಾಗಿನ ಒಂದು ಕಾಲೇಜಿನವ್ರು, ಹೆಸರು ಹೇಳಂಗಿಲ್ಲ, ಹೇಳಿದ್ರ ಮುಂದಿನ ವರ್ಷ ಕರಿಯಂಗಿಲ್ಲ. "ಸರ, ಇವತ್ತ ಪತ್ರಿಕಾ ದಿನಾಚರಣಿ ಅದಲ್ರಿ, ಜರ್ನಲಿಸಂ ಹುಡುಗರಿಗಿ ಸೋಷಿಯಲ್ ಮೀಡಿಯಾ ವೃತ್ತಿಪರವಾಗಿ ಹೆಂಗ ಬಳಸಬೇಕಂತ ಒಂದಿನದ ಕಾರ್ಯಾಗಾರ ಇಟ್ಟೀವಿ, ನೀವು ಬರಲೇಬೇಕು." ನಾ ಏನ್ ಮಾತಾಡ್ಬೇಕ್ರಿ ಅಂದೆ. "ಮಾತಾಡೋದೇನ್ ಇಲ್ರಿ ಸರ, ಸ್ಟೇಜ್ ಮ್ಯಾಲ ಏಳ್ ಕುರ್ಚಿ ಹಾಕೀವಿ, ಆರ್ ಮಂದಿ ಆಗ್ಯಾರ."

ಹೋದೆ. ಇಷ್ಟ್ ವರ್ಷ ಪೇಪರ್‌ದಾಗ ದುಡಿದವಗ ಕುರ್ಚಿ ತುಂಬ್ಸೋ ಕೆಲಸ ಹೊಸದೇನಲ್ಲ.

ಹಾಲಿನ ಬಾಗಿಲದಾಗ ಪ್ಯೂನ್ ಕಾಕಾ ಒಂದು ತೊಗರಿ ಬ್ಯಾಳಿ ಚೀಲ ಬಾಯಿ ತೆರಕೊಂಡ್ ಹಿಡ್ಕೊಂಡು ನಿಂತಿದ್ದ, ಹುಡುಗರು ಒಬ್ಬೊಬ್ಬರೇ ಬಂದು ತಮ್ಮ ಫೋನ್ ಅದ್ರಾಗ ಹಾಕಿ ಒಳಗ ಹೋಗ್ಲತ್ತಿದ್ರು, ಗುಡ್ಯಾಗ ಹುಂಡಿಗಿ ಕಾಣಿಕಿ ಹಾಕ್ದಂಗ. ಏನ್ ಕಾಕಾ ಇದು ಅಂತ ಕೇಳಿದೆ. ಅವ ಮಾತಾಡ್ಲಿಲ್ಲ, ಗೋಡಿ ಮ್ಯಾಲಿನ ಬೋರ್ಡ್ ತೋರಿಸ್ದ: "ಕಾಲೇಜು ಆವರಣದಲ್ಲಿ ಮೊಬೈಲ್ ಬಳಕೆ ಕಡ್ಡಾಯವಾಗಿ ನಿಷೇಧಿಸಿದೆ." ಅದರ ಬಾಜೂಕ್ಕೇ ಇವತ್ತಿನ ಫ್ಲೆಕ್ಸು: "ಸಾಮಾಜಿಕ ಜಾಲತಾಣದ ವೃತ್ತಿಪರ ಬಳಕೆ: ಒಂದು ದಿನದ ಪ್ರಾಯೋಗಿಕ ಕಾರ್ಯಾಗಾರ." ಎರಡೂ ಬೋರ್ಡಿಗಿ ಒಂದೇ ಮೊಳಿ. ನಮ್ ತೊಗರಿ ಬ್ಯಾಳಿಗಿ 2019ರಾಗ ಜಿಐ ಟ್ಯಾಗ್ (ಇದು ಈ ಸೀಮಿದೇ ಮಾಲು ಅನ್ನೋ ಸರ್ಕಾರಿ ಗುರುತು) ಸಿಕ್ಕದ, ಹ್ಯಾಶ್‌ಟ್ಯಾಗ್ ಕಲೀಲಿಕ್ಕ ಬಂದ ಅರವತ್ ಹುಡುಗರ ಫೋನೆಲ್ಲ ಜಿಐ ಟ್ಯಾಗಿನ ಚೀಲದಾಗ ಬಿದ್ವು. "ನೀವು ಗೆಸ್ಟ್ ಅದೀರಿ, ನಿಮ್ದು ಇಟ್ಕೋರಿ ಸರ" ಅಂದ ಕಾಕಾ. ಇಟ್ಕೊಂಡೆ, ಅದೇ ತಪ್ಪಾತು.

ರಿಸೋರ್ಸ್ ಪರ್ಸನ್ ಸಾಹೇಬ್ರು ಬೆಂಗಳೂರಿನಿಂದ ಬರ್ಬೇಕಾಗಿತ್ತು, ಗಾಡಿ ಯಾದಗಿರಿಗಿ ಬಂದು ನಿಂತದ ಅಂದ್ರು. ಹತ್ತಾತು, ಹತ್ತೂವರಿ ಆತು, ದೀಪದ ಕಂಬಕ್ಕ ಎಣ್ಣಿ ಹಾಕಿ ಕುಂತೀವಿ. 10.40ಕ್ಕ ನನ್ನ ಜೇಬಿನ್ಯಾಗ ಫೋನ್ ಗುರ್ ಅಂತು, ನಮ್ ಜಿಲ್ಲಾ ಪತ್ರಕರ್ತರ ವಾಟ್ಸಾಪ್ ಗ್ರೂಪು. ತೆಗೆದ್ ನೋಡಿದ್ರ ಪ್ರೆಸ್ ನೋಟ್, ಮ್ಯಾಲ ದಪ್ಪ ಅಕ್ಷರದಾಗ "ದಯವಿಟ್ಟು ಪ್ರಕಟಣೆಯ ಕೃಪೆಗಾಗಿ", ಕೆಳಗ ಹೆಡ್ಡಿಂಗ್: "ಸಾಮಾಜಿಕ ಜಾಲತಾಣ ಕಾರ್ಯಾಗಾರ ಯಶಸ್ವಿ." ನಾ ಅತ್ಲಾಗ ಇತ್ಲಾಗ ನೋಡಿದೆ, ಮೈಕ್ ಇನ್ನೂ "ಹಲೋ ಹಲೋ, ಚೆಕ್ ಚೆಕ್" ಅನ್ಲತ್ತಿತ್ತು. ಪ್ರೆಸ್ ನೋಟಿನ್ಯಾಗ ಸಮಾರೋಪ ಆಗಿ ವಂದನಾರ್ಪಣಿನೂ ಮುಗಿದಿತ್ತು. ನಡುವ ಒಂದ್ ಸಾಲು: "ಸುಳ್ಳು ಸುದ್ದಿಯನ್ನು ಪರಿಶೀಲಿಸದೇ ಹಂಚಬಾರದು ಎಂದು ಹಿರಿಯ ಪತ್ರಕರ್ತರು ಕಿವಿಮಾತು ಹೇಳಿದರು." ಹಿರಿಯ ಪತ್ರಕರ್ತ ಅಂದ್ರ ನಾನೇ! ನನ್ ಹೆಸರೂ ಹಾಕ್ಯಾರ. ನಾ ಆ ಹೊತ್ತಿಗಿ ಆಡಿದ್ ಒಂದೇ ಮಾತು, ನೀರಿನ್ ಬಾಟಲಿ ಅದೇನ್ರಿ ಅಂತ.

ಫೋಟೋ ನೋಡ್ರಿ ಇನ್ನಾ. ದೀಪ ಹಚ್ಚೋ ಫೋಟೋ, ದೀಪ ಹಚ್ಲತ್ತವ್ರು ಹಳೇ ಪ್ರಿನ್ಸಿಪಾಲ್ರು, ಅವ್ರು ರಿಟೈರ್ ಆಗಿ ಎಂಟ್ ತಿಂಗಳಾತು, ಈಗ ಮಗಳ ಮನ್ಯಾಗ ಪುಣೆದಾಗ ಅದಾರ. ಗ್ರೂಪಿನ್ಯಾಗ ಯಾರೂ ಪಿಟ್ ಅನ್ಲಿಲ್ಲ, ಮೂರ್ ಮಂದಿ ಕೈ ಮುಗಿಯೋ ಇಮೋಜಿ ಹಾಕಿದ್ರು, ಒಬ್ಬ ಹೆಬ್ಬೆಟ್ಟು ಒತ್ತಿದ, ಒಂದು ವೆಬ್ ಪೋರ್ಟಲ್‌ನವ ನಾಕೇ ನಿಮಿಷದಾಗ ಏರಿಸಿ ಲಿಂಕ್ ತಂದು ಅಲ್ಲೇ ಒಗದ. ಮ್ಯಾಲ ಕೆಂಪಕ್ಷರದಾಗ "ಎಕ್ಸ್‌ಕ್ಲೂಸಿವ್".

ಸಾಹೇಬ್ರು ಹನ್ನೆರಡೂ ಕಾಲಿಗಿ ಬಂದ್ರು. ಮತ್ತ ಶುರು ಮಾಡಿದ್ವಿ, ಮುಗಿದಿದ್ದನ್ನ.

ಸ್ವಾಗತ ಭಾಷಣ ಪ್ರತಿ ವರ್ಷದ್ದೇ. 1843ರ ಜುಲೈ 1ಕ್ಕ ಹರ್ಮನ್ ಮೋಗ್ಲಿಂಗ್ ಅನ್ನೋ ಜರ್ಮನ್ ಪಾದ್ರಿ 'ಮಂಗಳೂರ ಸಮಾಚಾರ' ತೆಗದ, ಕನ್ನಡದ ಮೊದಲ ಪತ್ರಿಕಿ, ಹದಿನೈದ್ ದಿನಕ್ಕೊಮ್ಮೆ ಬರ್ತಿತ್ತು, ಮರುವರ್ಷ ಬಳ್ಳಾರಿಗಿ ಬಂದು 'ಕನ್ನಡ ಸಮಾಚಾರ' ಆತು. ಖರೇ ಇತಿಹಾಸ, ಬ್ಯಾಡನ್ನಂಗಿಲ್ಲ. ಹದಿನೈದ್ ದಿನಕ್ಕೊಮ್ಮೆ ಸುದ್ದಿ ಕೊಟ್ಟವನ ಹೆಸರು ಹೇಳ್ಕೊಂಡು ಆಗೋದಕ್ಕಿಂತ ಮೊದ್ಲೇ ಸುದ್ದಿ ಕೊಡೋರು ನಾವು, ಮೋಗ್ಲಿಂಗ್ ಸಾಹೇಬ ನಮ್ ಸ್ಪೀಡಿಗಿ ತಡೀತಿದ್ದಿಲ್ಲ ಬಿಡ್ರಿ.

ಪಿಪಿಟಿ ತೆಗೀಲಿಕ್ಕ ವೈಫೈ ಬೇಕು, ಪಾಸ್‌ವರ್ಡ್ ಗೊತ್ತಿದ್ದ ಮನುಷ್ಯ ರಜಾದಾಗ ಅದಾನ. ಹಂಗಾಗಿ ಸಾಹೇಬ್ರು ಗಾಳ್ಯಾಗೇ ಸ್ಲೈಡ್ ತೋರಿಸ್ಲತ್ತಿದ್ರು, "ಇಲ್ಲಿ ಎಡಗಡೆ ನೋಡಿ" ಅಂದಾಗೆಲ್ಲ ಹುಡುಗರು ಎಡಗಡಿ ಫ್ಯಾನ್ ನೋಡ್ತಿದ್ರು. ವೃತ್ತಿಪರ ಬಳಕೆ ಅಂದ್ರ ಪರ್ಸನಲ್ ಬ್ರ್ಯಾಂಡ್ ಅಂತ. ಡಿಪಿದಾಗ ಬ್ಲೇಜರ್ ಇರ್ಬೇಕಂತ. ಕಲಬುರಗಿದಾಗ ಬ್ಲೇಜರ್ರು! ಏಪ್ರಿಲ್‌ದಾಗ ಬನಿಯನ್ನೇ ಭಾರ ಆಗೋ ಊರಾಗ. ಬಯೋದಾಗ "ಅಭಿಪ್ರಾಯ ವೈಯಕ್ತಿಕ" ಅಂತ ಬರೀಬೇಕಂತ, ಬರದ್ರ ಮುಗೀತು, ಆಮ್ಯಾಗ ಏನ್ ಬರದ್ರೂ ನಡೀತದ. ಇದು ಹೆಂಗಂದ್ರ ಬಾಯಿ ತುಂಬ ತಂಬಾಕು ಹಾಕ್ಕೊಂಡು "ಉಗುಳೋದು ವೈಯಕ್ತಿಕ" ಅಂತ ಅಂಗಿ ಮ್ಯಾಲ ಬರಕೊಂಡ್ ಸೂಪರ್ ಮಾರ್ಕೆಟ್‌ದಾಗ ತಿರುಗ್ದಂಗ. ಟ್ವಿಟರ್‌ದಾಗಿನ ತಮ್ಮ ನೀಲಿ ಟಿಕ್ ಬಗ್ಗಿನೂ ಹೇಳಿದ್ರು ಸಾಹೇಬ್ರು, ವಿಶ್ವಾಸಾರ್ಹತೆಯ ಗುರುತಂತ. ಒಂದ್ ಕಾಲಕ್ಕ ಆ ಟಿಕ್ ಕೊಡೋಕಿಂತ ಮೊದ್ಲ ನೀ ಯಾರಂತ ನೋಡ್ತಿದ್ರು, 2023ರ ಫೆಬ್ರುವರಿದಾಗ ನಮ್ ದೇಶದಾಗ ಅದು ತಿಂಗಳಿನ ಚಂದಾಕ್ಕ ಬಂತು, ವೆಬ್ ಆದ್ರ 650, ಮೊಬೈಲ್ ಆದ್ರ 900 ರೂಪಾಯಿ. ನಮ್ ಊರಾಗ ಪ್ರೆಸ್ ಅಂತ ಸ್ಟಿಕ್ಕರ್ ಅದಕ್ಕಿಂತ ಭಾಳ ಅಗ್ಗದಾಗ ಸಿಗ್ತದ, ಪೊಲೀಸ್ರು ಗಾಡಿನೂ ಹಿಡಿಯಂಗಿಲ್ಲ.

ಆಮ್ಯಾಗ ಫೇಕ್ ನ್ಯೂಸ್ ಬಂತು. 2016ರ ಅಮೆರಿಕಾ ಎಲೆಕ್ಷನ್ನು, ಬ್ರೆಕ್ಸಿಟ್ಟು, ದೊಡ್ ದೊಡ್ ಹೆಸರು. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದ, ಬೀದರ ಜಿಲ್ಲಾದವ, "ಸರ, ನಮ್ ಔರಾದ ಕಡಿ ಮುರ್ಕಿ ಅಂತ ಊರದರಿ" ಅಂದ. ಹಾಲಿನ್ಯಾಗ ಒಂಚೂರು ಸಪ್ಪಳ ನಿಂತು. 2018ರ ಜುಲೈ 13. ಹೈದರಾಬಾದ್ ಕಡಿಂದ ಕಾರಿನ್ಯಾಗ ಬಂದ ಗೆಳೆಯರು, ಅವ್ರ ಜೊತಿ ಕತಾರ್‌ನವ ಒಬ್ಬ, ದಾರ್ಯಾಗ ಸಾಲಿ ಹುಡುಗರಿಗಿ ಚಾಕಲೇಟ್ ಕೊಟ್ರು, ಮಕ್ಕಳ ಕಳ್ಳರು ಅಂತ ಯಾರೋ ವಿಡಿಯೋ ಮಾಡಿ ವಾಟ್ಸಾಪಿಗಿ ಬಿಟ್ರು, ಕಾರು ಮುರ್ಕಿ ಮುಟ್ಟೋದ್ರಾಗ ವಿಡಿಯೋ ಮೊದ್ಲೇ ಮುಟ್ಟಿತ್ತು, ಮಂದಿ ದಾರಿ ಕಟ್ಟಿ ನಿಂತಿದ್ರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ಬಿಡಿಸ್ಲಿಕ್ಕ ಹೋದ ಪೊಲೀಸ್ರಿಗೂ ಪೆಟ್ಟಾತು. ದೇಶದಾಗ ಇಂಥ ಸಾವು ಸಾಲ್ಸಾಲಾಗಿ ಆಗಿ ಅದೇ ತಿಂಗಳು ವಾಟ್ಸಾಪ್‌ನವ್ರು ಇಂಡಿಯಾದಾಗ ಒಂದ್ ಮೆಸೇಜ್ ಐದ್ ಚಾಟಿಗಿಂತ ಹೆಚ್ಚಿಗಿ ಒಮ್ಮೆಗೇ ಫಾರ್ವರ್ಡ್ ಮಾಡಂಗಿಲ್ಲ ಅಂತ ಹೇಳಿದ್ರು. ಹುಡುಗಗ ಇಷ್ಟೆಲ್ಲ ಹೇಳೋದಿತ್ತು, ಮುರ್ಕಿ ಅಂದದ್ದಷ್ಟೇ, ಸಾಹೇಬ್ರು "ಗುಡ್, ಗುಡ್, ಲೋಕಲ್ ಇಶ್ಯೂ ಎಲ್ಲ ಕೊನೆಗೆ ಕ್ವೆಶ್ಚನ್ ಅವರ್‌ನಲ್ಲಿ ತಗೊಳ್ಳೋಣ" ಅಂದು ಮತ್ತ ಅಮೆರಿಕಾಕ್ಕ ಹೋದ್ರು. ಕ್ವೆಶ್ಚನ್ ಅವರ್ ಬರ್ಲಿಲ್ಲ, ಊಟದ ಟೈಮ್ ಆಗಿತ್ತು.

ನಾ ಸ್ಟೇಜ್ ಮ್ಯಾಲ ಕುಂತು ಬಾಯಿ ಬಿಡ್ಲಿಲ್ಲ, ಅದೂ ಹೇಳಿಬಿಡ್ತೀನಿ. ಹೇಳಬಹುದಾಗಿತ್ತು. ಅಂಥಾ ವಿಡಿಯೋ ಬಂದಾಗ ಮೊದ್ಲ ಮಾಡೋ ಕೆಲಸ ಠಾಣಾಕ್ಕ ಒಂದ್ ಫೋನು, ಆಮ್ಯಾಗ ಆ ಊರಾಗ ಗುರುತಿನವ್ರಿಗಿ ಒಂದು, ವಿಡಿಯೋದಾಗಿನ ಒಂದ್ ಚಿತ್ರ ತೆಗೆದು ಇಮೇಜ್ ಸರ್ಚ್‌ದಾಗ ಹಾಕಿ ಹಿಂದೆಲ್ಲಾದ್ರೂ ಬಂದಿತ್ತೇನ್ ನೋಡೋದು, ತೆಗೆದವ ಯಾರು, ಖುದ್ ಕಣ್ಣಿಲೆ ನೋಡ್ಯಾನೋ ಇಲ್ಲಾ ಅವನಿಗೂ ಯಾರೋ ಕಳಿಸ್ಯಾರೋ ಅಂತ ಕೇಳೋದು, ಲೈಂಗಿಕ ದೌರ್ಜನ್ಯದ ಕೇಸಿನ್ಯಾಗ ಕೂಸಿನ ಗುರುತು ಬಿಟ್ಟುಕೊಟ್ರ ಪೋಕ್ಸೋ ಕಾಯ್ದೆಯ 23ನೇ ಕಲಂನಾಗ ನಮ್ಮ ಮ್ಯಾಲೇ ಕೇಸ್ ಬೀಳ್ತದ ಅನ್ನೋದು, ತಪ್ಪಾಗಿ ಹಾಕಿದ್ರ ಕಳ್ಳನಂಗ ಡಿಲೀಟ್ ಹೊಡಿಯೋದಲ್ಲ, ತಪ್ಪಾಗಿತ್ತಂತ ಬರ್ದು ಸರಿ ಮಾಡೋದು. ಇದಕ್ಕ ಬ್ಲೇಜರ್ ಬೇಕಾಗಂಗಿಲ್ಲ. ಆದ್ರ ಇದನ್ನ ಫ್ಲೆಕ್ಸ್ ಮ್ಯಾಲ ಹಾಕ್ಲಿಕ್ಕ ಬರಂಗಿಲ್ಲ ನೋಡ್ರಿ, "ಫೋನ್ ಮಾಡಿ ಕೇಳುವುದು ಹೇಗೆ: ರಾಜ್ಯಮಟ್ಟದ ಕಾರ್ಯಾಗಾರ" ಅಂದ್ರ ಅನುದಾನ ಯಾರ್ ಕೊಡ್ತಾರ?

ಮಧ್ಯಾಹ್ನದ ಮ್ಯಾಲ ಪ್ರಾಯೋಗಿಕ. ಫೋನ್ ಚೀಲದಾಗ ಅವಲ್ಲ, ಹಂಗಾದ್ರ ಹೆಂಗ ಮಾಡಸ್ತಾರ ಅಂತ ನನಗೂ ಕುತೂಹಲ ಇತ್ತು. ಮೇಡಂ ಒಬ್ರು ಬಂದು ಹುಡುಗರಿಗೆಲ್ಲ ಹಾಳಿ ಹಂಚಿದ್ರು. ಹಾಳಿ ಮ್ಯಾಲ ಚೌಕ ಚೌಕ ಡಬ್ಬಿ, ಒಂದ್ ಡಬ್ಬಿದಾಗ ಒಂದ್ ಅಕ್ಷರ, ಟ್ವೀಟ್ ಬರೀಬೇಕು. ಹಾಳಿ ಹಳೇ ಸ್ಟಾಕು, 140 ಡಬ್ಬಿದು. ಟ್ವೀಟಿನ ಮಿತಿ 2017ರ ನವೆಂಬರ್‌ದಾಗೇ 280 ಆಗ್ಯಾದ, ಅದು ಮೇಡಂಗ ಗೊತ್ತಿತ್ತು, ಹಂಗಾಗಿ ಎರಡೆರಡ್ ಹಾಳಿ ಸ್ಟೇಪ್ಲರ್ ಪಿನ್ ಹೊಡದು ಕೊಟ್ಟಿದ್ರು. ಟ್ವಿಟರ್ ಎಕ್ಸ್ ಆಗಿದ್ದು ಹೊಸ ಸಿಲೆಬಸ್ಸಿನ್ಯಾಗ ಬರ್ತದಂತ.

ವಿಷಯ: ನಮ್ಮ ಕಾಲೇಜಿನ ಸ್ವಚ್ಛತೆ. ಅಂಕ ಹತ್ತು, ಅದ್ರಾಗ ಹ್ಯಾಶ್‌ಟ್ಯಾಗಿಗಿ ಎರಡು.

ಮುಂದಿನ ಬೆಂಚಿನ ಒಬ್ಬಾಕಿ ಕೈ ಎತ್ತಿದ್ಲು, ಅಫಜಲಪುರ ಕಡಿ ಹುಡುಗಿ. "ಮೇಡಂ, ಒತ್ತಕ್ಷರಕ್ಕ ಒಂದ್ ಡಬ್ಬಿನೋ ಎಷ್ಟೋ? 'ಸ್ತ್ರೀ' ಅಂತ ಬರದ್ರ ನಮಗ ಒಂದೇ ಅಕ್ಷರ, ಫೋನಿನ್ಯಾಗ ಆರ್ ಕ್ಯಾರೆಕ್ಟರ್ ತಗೋತದ." ಖರೇ ಹೇಳಿದ್ಲು, ಸ, ವಿರಾಮ (ಒತ್ತು ಜೋಡ್ಸೋ ಗುರುತು), ತ, ವಿರಾಮ, ರ, ದೀರ್ಘ, ಎಣಿಸ್ರಿ ಬೇಕಾದ್ರ. ಇಡೀ ದಿನದಾಗ ಕನ್ನಡದಾಗ ಬರಿಯೋರಿಗಿ ಉಪಯೋಗ ಆಗೋ ಮಾತು ಇದೊಂದೇ. ಮೇಡಂ ಸಾಹೇಬ್ರ ಮುಖ ನೋಡಿದ್ರು, ಸಾಹೇಬ್ರು ಎಚ್‌ಓಡಿ (ವಿಭಾಗದ ಮುಖ್ಯಸ್ಥರು) ಮುಖ ನೋಡಿದ್ರು, ಎಚ್‌ಓಡಿ "ಸ್ತ್ರೀ ಬಿಡಮ್ಮ, ಮಹಿಳೆ ಅಂತ ಬರಿ" ಅಂದ್ರು.

ಆಕಿ ಏನ್ ಬರದ್ಲು ಅಂತ ನಾ ಆಮ್ಯಾಗ ನೋಡಿದೆ, ಹಾಳಿ ಟೇಬಲ್ ಮ್ಯಾಲೇ ಬಿದ್ದಿತ್ತು. ಡಬ್ಬಿ ದಾಟದಂಗ ಸಣ್ಣ ದುಂಡ್ ಅಕ್ಷರ: "ಮಹಿಳೆಯರ ಶೌಚಾಲಯದಲ್ಲಿ ಮೂರು ದಿನದಿಂದ ನೀರಿಲ್ಲ. ಮೋಟರ್ ಸುಟ್ಟಿದೆ ಎಂದರು ಪಂಪ್ ಆಪರೇಟರ್. ಪ್ರಾಚಾರ್ಯರ ಪ್ರತಿಕ್ರಿಯೆ ಕೇಳಿದ್ದೇವೆ, ಬಂದ ಮೇಲೆ ಸೇರಿಸುತ್ತೇವೆ." ಬಾಜೂಕ್ಕ ಕೆಂಪ್ ಪೆನ್ನಿಲೆ ಹತ್ತಕ್ಕ ಎರಡು, ಕೆಳಗ ಷರಾ: "ನೆಗೆಟಿವ್. ಹ್ಯಾಶ್‌ಟ್ಯಾಗ್ ಎಲ್ಲಿ?" ಒಂಬತ್ ತಗೊಂಡ ಹುಡುಗನ ಹಾಳಿನೂ ಅಲ್ಲೇ ಇತ್ತು, ಅವ ಮೊದಲ ಡಬ್ಬಿಯಿಂದ ಕಡೀ ಡಬ್ಬಿ ತನಕ "ನಮ್ಮ ಕಾಲೇಜು ನಮ್ಮ ಹೆಮ್ಮೆ" ಅಂತ ಜಾಗ ಬಿಡದಂಗ ಬರಕೊಂಡ್ ಹೋಗಿದ್ದ, ಮುಂದ ಹ್ಯಾಶ್ ಹಾಕಿ. ಒಂದ್ ಮಾರ್ಕ್ ಯಾಕ್ ಕಡಿದ್ರಂದ್ರ ಪ್ರಾಚಾರ್ಯರಿಗಿ ಟ್ಯಾಗ್ ಮಾಡಿದ್ದಿಲ್ಲ.

ಸಂಜಿ ನಾಕಕ್ಕ ಶಾಲು, ಹಾರ, ನೆನಪಿನ ಕಾಣಿಕಿ. ನನಗೂ ಹೊದಿಸಿದ್ರು, ಕಿವಿಮಾತು ಹೇಳಿದವಲ್ಲ ನಾ. ಹೊರಗ ಚಹಾ, ಮಿರ್ಚಿ ಭಜಿ. ಕಾಕಾ ಚೀಲ ತಂದು ಟೇಬಲ್ ಮ್ಯಾಲ ಬೋರಲ್ ಹಾಕ್ದ, ಅರವತ್ ಫೋನೂ ಒಮ್ಮೆಗೇ ಗುರ್ ಗುರ್ ಅನ್ಲತ್ವು, ಎಲ್ಲಾದ್ರಾಗೂ ಅದೇ ಪ್ರೆಸ್ ನೋಟು, ಕೆಲವ್ರಿಗಿ ಅವರಪ್ಪ ಕಳಿಸಿದ್ದ, ಕೆಲವ್ರಿಗಿ ಊರ್ ಗ್ರೂಪಿನಿಂದ ಬಂದಿತ್ತು, ಮ್ಯಾಲ ಎರಡ್ ಬಾಣದ ಗುರುತು, ಬಹಳ ಸಲ ಫಾರ್ವರ್ಡ್ ಆಗ್ಯಾದ ಅಂತ. ಹುಡುಗರು ತಾವು ಮುಂಜಾನಿ ಹತ್ತೂವರಿಗೇ ಪ್ರಯೋಜನ ಪಡಕೊಂಡಿದ್ದು ಓದಿ ನಗ್ಲತ್ತಿದ್ರು.

ಅಫಜಲಪುರದಾಕಿ ನಗ್ಲಿಲ್ಲ. ಒಂದ್ ಕೈದಾಗ ಫೋನು, ಇನ್ನೊಂದ್ ಕೈದಾಗ ನೋಟ್‌ಬುಕ್ಕು ಹಿಡ್ಕೊಂಡು ಸೀದಾ ನನ್ ಕಡಿ ಬಂದ್ಲು.

"ಸರ, ನಮಸ್ಕಾರ್ರಿ. ಸುಳ್ಳ್ ಸುದ್ದಿ ಪರಿಶೀಲಿಸದೇ ಹಂಚಬಾರದಂತ ನೀವು ಹೇಳೀರಂತ ಬಂದದರಿ. ನಾ ಪೂರಾ ಹಾಲಿನ್ಯಾಗೇ ಇದ್ದೆ, ನೀವ್ ಮಾತಾಡಿದ್ದು ಕೇಳಿಲ್ಲ. ಹಂಗ ಅಂದೀರೇನ್ರಿ?"

"ಇಲ್ಲ ತಂಗಿ."

"ಫೋಟೋನೂ ಹೋದ ವರ್ಷದ್ದರಿ. ಹಂಗಾದ್ರ ನೀವ್ ಇಲ್ಲ ಅಂದ್ರಂತ ಹಾಕ್ಲೇನ್ರಿ? ನಿಮ್ ಹೆಸರ್‌ಲೆ?"

ಹಿಂದ ಎಚ್‌ಓಡಿ ನಿಂತಿದ್ರು. ಶಾಲು ಹೆಗಲ ಮ್ಯಾಲಿಂದ ಜಾರ್ಲತ್ತಿತ್ತು, ಸರಿ ಮಾಡ್ಕೊಂಡೆ. "ಈಗ್ಯಾಕ ಅದೆಲ್ಲ," ಅಂದೆ, "ಮಿರ್ಚಿ ಆರ್ಲತ್ತಾವ, ಮೊದ್ಲ ತಿನ್ನು ತಂಗಿ."

ಆಕಿ ಗಡಿಯಾರ ನೋಡಿ, ಟೈಮ್ ಹಾಕಿ, ಅದನ್ನೂ ಬರಕೊಂಡ್ಲು.