ಪೇರಲೆ ಮರಕ್ಕೆ ಫ್ರಾನ್ಸಿನ ಔಷಧಿ

ನಮ್ಮ ಮನೆಗೆ ಬಂದವರು ಕಾಲು ತೊಳೆದು, ನೀರು ಬೆಲ್ಲ ಮುಗಿಸಿದ ಮೇಲೆ ಮಕ್ಕಳಿಗೆ ಕೇಳುವ ಪ್ರಶ್ನೆ ಒಂದೇ: "ಯಾವ ಕ್ಲಾಸು?" ನಮ್ಮ ಮಕ್ಕಳಿಬ್ಬರೂ ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಓದುತ್ತಾರೆ. ಹಾಗಾಗಿ ಮಗಳು ಸ್ವಲ್ಪ ಯೋಚಿಸಿ, "ಕನ್ನಡದಲ್ಲಿ ಏಳು, ಗಣಿತದಲ್ಲಿ ಐದು, ತೋಟದಲ್ಲಿ ಪಿಯುಸಿ" ಎನ್ನುತ್ತಾಳೆ. ಬಂದವರು ನನ್ನ ಮುಖ ನೋಡುತ್ತಾರೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಹದಿನಾಲ್ಕು ತುಂಬಿದ ಮೇಲೆ ಅದರ ಮೂಲಕವೇ ಹತ್ತನೆಯ ತರಗತಿಯ ಪರೀಕ್ಷೆ ಎಂದು ನಾನು ವಿವರಿಸಲು ಹೊರಡುವಷ್ಟರಲ್ಲಿ ಅತ್ತೆ ಒಳಗಿನಿಂದ, "ನಮ್ಮ ಕಾಲದಲ್ಲಿ ಶಾಲೆಗೆ ಹೋಗದವರು ದನ ಕಾಯುತ್ತಿದ್ದರು. ಇವರು ದನವನ್ನೂ ಕಾಯುವುದಿಲ್ಲ" ಎಂದು ಷರಾ ಬರೆದುಬಿಡುತ್ತಾರೆ.

ಸಾಗರದ ಕಡೆ ಎರಡು ಎಕರೆ ಅಡಿಕೆ ತೋಟ, ಒಂದು ಕೊಟ್ಟಿಗೆ, ಅದರಲ್ಲಿ ಗೌರಿ ಎಂಬ ಮಲೆನಾಡು ಗಿಡ್ಡ ಹಸು, ಎಣಿಕೆಗೆ ಸಿಗದ ಕೋಳಿಗಳು. ನಮ್ಮ ವಿದ್ಯಾಸಂಸ್ಥೆ ಇಷ್ಟೇ. ಮಕ್ಕಳು ಬದುಕಿನಿಂದಲೇ ಕಲಿಯಬೇಕು ಎಂದು ಬಲ್ಲವರು ಬರೆಯುತ್ತಾರೆ. ಕಲಿತ ಮೇಲೆ ಆ ಬದುಕಿನ ಗತಿ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಶಾಲೆಯಲ್ಲಿ ಕಲಿತದ್ದು ಪರೀಕ್ಷೆ ಮುಗಿದ ಸಂಜೆಯೇ ಮರೆತುಹೋಗುತ್ತದೆ. ಅದರಿಂದ ಲೋಕಕ್ಕೆ ಎಷ್ಟು ಉಪಕಾರವಾಗಿದೆ ಎಂದು ಈಗ ಅರ್ಥವಾಗುತ್ತಿದೆ. ಮನೆಯಲ್ಲಿ ಕಲಿತದ್ದು ಮಧ್ಯಾಹ್ನದ ಊಟದೊಳಗೆ ಜಾರಿಗೆ ಬರುತ್ತದೆ.

ಲಾಭ ನಷ್ಟದ ಪಾಠವನ್ನೇ ನೋಡಿ. ಮಗ ಹಿಂಡಿ, ಬೂಸಾ, ಒಣಹುಲ್ಲು, ಪಶುವೈದ್ಯರ ಓಡಾಟ ಎಲ್ಲವನ್ನೂ ಬರೆದು ಕೂಡಿದ. ಗೌರಿ ದಿನಕ್ಕೆ ಎರಡು ಲೀಟರ್ ಕೊಟ್ಟರೆ ಆ ದಿನ ನಮಗೆ ಹಬ್ಬ. ಹೀಗಿರುವಾಗ ಲೆಕ್ಕ ಎತ್ತ ಹೋಗಬಹುದೆಂದು ಯಾರಾದರೂ ಊಹಿಸಬಹುದು. ಬಂದ ನೆಂಟರು "ಆಹಾ, ಮನೆ ಹಾಲಿನ ಕಾಫಿ!" ಎಂದು ಲೋಟ ಎತ್ತಿದ್ದೇ ತಡ, ಅವನು "ಹೌದು, ಡೇರಿ ಹಾಲಿಗಿಂತ ತುಂಬಾ ತುಟ್ಟಿ. ಆ ಲೋಟದಲ್ಲಿ ಹಾಲೇ ಹನ್ನೆರಡು ರೂಪಾಯಿಯದ್ದಿದೆ" ಎಂದ. ನೆಂಟರು ಎರಡನೆಯ ಸಲ ಕಾಫಿ ಬೇಡವೆಂದರು. "ಶಾಲೆಗೆ ಕಳಿಸಿದ್ದರೆ ಇಷ್ಟು ಲೆಕ್ಕ ಬರುತ್ತಿರಲಿಲ್ಲ, ಮನೆಯ ಮರ್ಯಾದೆ ಉಳಿಯುತ್ತಿತ್ತು" ಎಂದರು ಅತ್ತೆ. ನನಗೆ ಉತ್ತರ ಹೊಳೆಯಲಿಲ್ಲ.

ಬೇಲಿಯ ಎತ್ತರ ನಾಲ್ಕು ಅಡಿ, ಗೌರಿಯ ಎತ್ತರ ಮೂರು ಅಡಿ, ಆದ್ದರಿಂದ ಗೌರಿ ಹಾರಲಾರಳು ಎಂದು ಮಗಳು ಸಾಧಿಸಿ ತೋರಿಸಿದ್ದೂ ಉಂಟು. ಆ ಸಂಜೆ ಪಕ್ಕದ ಮನೆಯವರು ಅಗಿದು ಬಿಟ್ಟ ಬಸಳೆಯ ದಂಟನ್ನು ಸಾಕ್ಷಿಗೆ ಹಿಡಿದುಕೊಂಡು ಬಂದರು. ಮಗಳು ಅವರನ್ನು ಕೂರಿಸಿ, ಗೌರಿ ಹಾರಿದ್ದು ದಿಬ್ಬದ ಕಡೆಯಿಂದಲೋ ತಗ್ಗಿನ ಕಡೆಯಿಂದಲೋ ಎಂದು ವಿಚಾರಿಸಿ ಪುಸ್ತಕದಲ್ಲಿ ಬರೆದುಕೊಂಡಳು. ಅವರು ಬೈಯಲು ಬಂದದ್ದನ್ನೇ ಮರೆತು ನಕ್ಷೆ ಬರೆದುಕೊಟ್ಟು ಹೋದರು.

ಆದರೆ ಇವೆಲ್ಲ ಕಿರುಪರೀಕ್ಷೆಗಳು. ವಾರ್ಷಿಕ ಪರೀಕ್ಷೆ ನಡೆದದ್ದು ಕೊಳೆ ಔಷಧಿ ಹೊಡೆಯುವಾಗ.

ಅಡಿಕೆಗೆ ಕೊಳೆರೋಗ ಬಾರದಂತೆ ಮಳೆಗಾಲ ಹಿಡಿಯುವ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ ಬೋರ್ಡೋ ದ್ರಾವಣ ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಅಂದರೆ ತಾಮ್ರದ ನೀಲಿ ಉಪ್ಪು, ಒಂದು ಕಿಲೋ ಸುಣ್ಣ. ಶೇಕಡಾವಾರು ಕಲಿಸಲು ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕೇ? ಜುಲೈಯಲ್ಲಿ ಮಳೆ ಹೊಳವಾದ ದಿನ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಬಂದ, ಡ್ರಮ್ಮುಗಳು ಅಂಗಳಕ್ಕೆ ಬಂದವು, ಪಾಠ ಶುರುವಾಯಿತು. ಮದ್ದು ಹದವಾಗಿದೆಯೇ ಎಂದು ನೋಡಲು ಚಾಕು ಅದ್ದುವುದು ರೂಢಿ. ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಎಂದರ್ಥ. ಸ್ಟೀಲ್ ಚಾಕು ನಡೆಯುವುದಿಲ್ಲ, ಕಬ್ಬಿಣವೇ ಬೇಕು ಎಂದು ಕೊನೆಗೌಡ ಹೇಳಿದ. ಮಗಳು ಒಳಗೆ ಓಡಿಹೋಗಿ ಅಜ್ಜಿಯ ಈಳಿಗೆಮಣೆಯನ್ನೇ ಎತ್ತಿ ತಂದು ಡ್ರಮ್ಮಿಗೆ ಇಳಿಸಿದಳು. ಈಳಿಗೆ ಕೆಂಪಾಯಿತು, ಮಗಳು ಹಿಗ್ಗಿದಳು, ಇನ್ನಷ್ಟು ಸುಣ್ಣ ಬಿತ್ತು. ಅತ್ತೆ ಹುಣಸೆಹಣ್ಣು ಹಿಡಿದು ಈಳಿಗೆ ತಿಕ್ಕುತ್ತಾ ಆಡಿದ ಮಾತುಗಳು ಯಾವ ಪಠ್ಯಕ್ರಮದಲ್ಲೂ ಇಲ್ಲ.

ಅಷ್ಟಕ್ಕೇ ಬಿಡಬಹುದಿತ್ತು. ಮಕ್ಕಳ ಅಪ್ಪನಿಗೆ ಇತಿಹಾಸವನ್ನೂ ಸೇರಿಸುವ ಹುಮ್ಮಸ್ಸು ಬಂತು. ಫ್ರಾನ್ಸಿನ ಬೋರ್ಡೋ ಪಟ್ಟಣದ ಆಸುಪಾಸಿನಲ್ಲಿ ದ್ರಾಕ್ಷಿ ಬೆಳೆಯುವವರು ದಾರಿಹೋಕರ ಕಳ್ಳತನ ತಪ್ಪಿಸಲು ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಬಳಿಯುತ್ತಿದ್ದರು. ಆ ನೀಲಿ ಬಣ್ಣ ಕಂಡು ಯಾರೂ ಹಣ್ಣು ಮುಟ್ಟುತ್ತಿರಲಿಲ್ಲ. ಆ ಬಳ್ಳಿಗಳಿಗೆ ಮಾತ್ರ ರೋಗ ತಗಲದಿರುವುದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿ, 1885ರಲ್ಲಿ ಮದ್ದನ್ನು ಲೋಕಕ್ಕೆ ತಿಳಿಸಿದ. ಗಮನವಿಟ್ಟು ನೋಡಿದರೆ ಏನೆಲ್ಲ ಕಾಣುತ್ತದೆ, ಅಲ್ಲವೇ ಎಂದು ಅಪ್ಪ ಮುಗಿಸಿದರು. ಮಗನಿಗೆ ಮಿಲಾರ್ಡೆಯಲ್ಲಿ ಆಸಕ್ತಿ ಇರಲಿಲ್ಲ. ಅವನ ಮನಸ್ಸು ಕಳ್ಳರ ಹತ್ತಿರವೇ ನಿಂತಿತ್ತು.

ಬೇಲಿಯ ಬಾಗಿಲಾದ ದಣಪೆಯ ಪಕ್ಕದಲ್ಲಿ ನಮ್ಮದೊಂದು ಪೇರಲೆ ಮರವಿದೆ. ಪ್ರತಿವರ್ಷ ಅದರ ಹಣ್ಣು ಮಂಗಗಳ ಪಾಲು. ಉಳಿದಿದ್ದ ಅರ್ಧ ಬಕೆಟ್ ದ್ರಾವಣ, ಗೋಡೆಗೆ ಸುಣ್ಣ ಬಳಿಯುವ ಕುಂಚ, ನಾವು ದೊಡ್ಡವರು ಊಟ ಮುಗಿಸಿ ಅಡ್ಡಾದ ಹೊತ್ತು. ಕಾಂಡ, ಕೈಗೆಟುಕಿದ ಕೊಂಬೆ, ಕಾಯಿ, ಕೊನೆಗೆ ಬುಡದ ಕಟ್ಟೆ, ಎಲ್ಲವೂ ನೀಲಿ. ಹತ್ತಿರ ಸುಳಿದ ಹುಂಜದ ಬಾಲಕ್ಕೂ ಒಂದು ಪಾಲು ಸಂದಿತ್ತು.

ಅದೇ ದಿನ ಬಸ್ಸಿಳಿದು ಬಂದವರು ನಮ್ಮ ದೊಡ್ಡ ಮಾವ. ನಿವೃತ್ತ ಮುಖ್ಯೋಪಾಧ್ಯಾಯರು, ಬಿಳಿ ಜುಬ್ಬ, ಬಿಳಿ ಪಂಚೆ. ಮಕ್ಕಳ ಓದಿನ ತಪಾಸಣೆಗೆಂದೇ ಬರುವವರು. ದಿಬ್ಬ ಹತ್ತಿದ ಆಯಾಸಕ್ಕೆ ಕಟ್ಟೆಯ ಮೇಲೆ ಕುಳಿತು, ಪೇರಲೆ ಮರಕ್ಕೆ ಬೆನ್ನು ಕೊಟ್ಟು ಸುಧಾರಿಸಿಕೊಂಡರು. ಅವರು ಎದ್ದು ಬಂದಾಗ ಮುಂದಿನಿಂದ ದೊಡ್ಡ ಮಾವ, ಹಿಂದಿನಿಂದ ನೀಲಕಂಠ.

"ಏನೋ ಇದು?" ಎಂದರು. ಮಗ ಕೈಕಟ್ಟಿ ನಿಂತು ಮೈಲುತುತ್ತ, ಸುಣ್ಣ, ಶೇಕಡಾ ಒಂದು, ಬೋರ್ಡೋ, 1885 ಎಂದು ಒಂದೂ ತಪ್ಪದೆ ಒಪ್ಪಿಸಿದ. ಅವರ ಮುಖ ಅರಳಿತು. ಮೇಷ್ಟರ ಜೀವ ನೋಡಿ, ಸರಿಯುತ್ತರ ಕೇಳಿದರೆ ಜುಬ್ಬ ಮರೆತೇಹೋಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ನೆನಪಾಗಿ, "ಒಗೆದರೆ ಹೋಗುತ್ತದೆಯಷ್ಟೆ?" ಎಂದು ಕೇಳಿದರು.

"ಇಲ್ಲ ದೊಡ್ಡಜ್ಜ, ಮಳೆ ಹೊಡೆದರೂ ಬಿಡದೆ ಅಂಟಿಕೊಳ್ಳುವುದೇ ಅದರ ಗುಣ" ಎಂದ ಮಗ, ಹೆಮ್ಮೆಯಿಂದ.

ಅತ್ತೆ ಉಳಿದ ಹುಣಸೆಹಣ್ಣನ್ನು ಮತ್ತೆ ಹೊರತೆಗೆದರು.

ಮರುದಿನ ಮಂಗಗಳು ಬಂದವು. ನೀಲಿ ಕಾಯಿಗಳನ್ನು ಮೂಸಿ ನೋಡಿ ಬಿಟ್ಟು, ಮೇಲೆ ಹತ್ತಿ, ಕುಂಚ ಮುಟ್ಟದ ಹಣ್ಣುಗಳನ್ನೆಲ್ಲ ನೆಮ್ಮದಿಯಾಗಿ ತಿಂದು ಹೋದವು. ಮಗ ಪುಸ್ತಕದಲ್ಲಿ "ಪ್ರಯೋಗ ಅರ್ಧ ಯಶಸ್ವಿ" ಎಂದು ಬರೆದು, ಏಣಿ ಎಲ್ಲಿದೆ ಎಂದು ಕೇಳಿದ. ಅವನ ಅಪ್ಪ ಅದನ್ನು ಬಚ್ಚಿಡಲು ಆಗಲೇ ಹೊರಟಾಗಿತ್ತು. ಆದರೆ ಮಕ್ಕಳ ಕೈಗೆ ಸಿಗದ ಜಾಗ ನಮ್ಮ ಮನೆಯಲ್ಲಿ ಇರುವುದು ಅಟ್ಟವೊಂದೇ, ಅಟ್ಟ ಹತ್ತಲು ಇರುವುದು ಆ ಏಣಿಯೊಂದೇ. ಅವರು ಏಣಿಯನ್ನು ಹೆಗಲ ಮೇಲೆ ಹೊತ್ತು ಅಂಗಳದಲ್ಲಿ ಬಹಳ ಹೊತ್ತು ಓಡಾಡಿದರು.